ಶಿಕ್ಷೆಯಿಲ್ಲದ ಸೆರೆ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತಿಗೆಂದು ಸೇರುವ ನಾವು ಇಂದು ಬುದ್ಧಿ ಕೆಟ್ಟ ಆರೋಪಿಗಳ ಮಾತೇಕೆ ಎತ್ತಿದೆವೆಂದು ನೀವು ಕೇಳಬಹುದು. ಅವರಿಗೆ ಸಂಘವಿಲ್ಲ, ಮೆರವಣಿಗೆಯಿಲ್ಲ. ಆದ್ದರಿಂದಲೇ ನಾವು ಎತ್ತಬೇಕಾಗಿದೆ.

ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬ ಬಡ ಬುಡಕಟ್ಟಿನ ಯುವಕರನ್ನು 1951ರಲ್ಲಿ ಪೊಲೀಸರು ಹಿಡಿದರು. ಒಬ್ಬರನ್ನು ತೀವ್ರವಾಗಿ ಗಾಯಗೊಳಿಸಿದರೆಂಬುದು ಆರೋಪ. ಅವರನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಲಾಯಿತು. 1967ರಲ್ಲಿ ಗುಣವಾಗಿದ್ದಾರೆಂದು ಆಸ್ಪತ್ರೆಯವರೇ ತಿಳಿಸಿದರು. ಆಗ ವಿಚಾರಣೆ ನಡೆಯಬೇಕಿತ್ತು. ಇಲ್ಲವೇ ಮನೆಗೆ ಬಿಡಬೇಕಿತ್ತು. ಎರಡೂ ಆಗಲಿಲ್ಲ. ಗೌಹಾತಿಯ ಜೈಲಿಗೆ ಹಾಕಿದರು. ಅಲ್ಲಿ ಮತ್ತೆ 38 ವರ್ಷ! 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಹೊರಬಿಟ್ಟಾಗ ಅವರು ಎಪ್ಪತ್ತು ದಾಟಿದ ಮುದುಕರು. 2007ರಲ್ಲಿ ತೀರಿಕೊಂಡರು. 54 ವರ್ಷದ ಸೆರೆ. ತೀರ್ಪು ಮಾತ್ರ ಒಂದೂ ಇಲ್ಲ.

ಮಿಲ್ಲಿನಲ್ಲಿ ನಾವು ಅರ್ಧ ಗಂಟೆ ತಡವಾದರೆ ಹಾಜರಿ ಪುಸ್ತಕ ಹೇಳುತ್ತದೆ. ಅಂಗಡಿಯಲ್ಲಿ ನಾಲ್ಕಾಣೆ ಉದ್ರಿಗೂ ಹೆಸರು, ತಾರೀಖು ಇರುತ್ತವೆ. ಒಬ್ಬ ಮನುಷ್ಯನ ಬಾಳಿಗೆ ಸರಕಾರದಲ್ಲಿ ಅಷ್ಟು ಲೆಕ್ಕವೂ ಇರಲಿಲ್ಲ.

ಕಾನೂನು ಕ್ರೂರವಾಗಿದೆಯೇ? ಇಲ್ಲ. ತಾನು ಮಾಡುತ್ತಿರುವುದು ಏನೆಂದು, ಅದು ತಪ್ಪೆಂದು ಅರಿಯಲಾರದಷ್ಟು ಬುದ್ಧಿ ಕೆಟ್ಟವನ ಕೃತ್ಯ ಅಪರಾಧವಲ್ಲವೆಂದು 1860ರ ದಂಡಸಂಹಿತೆಯ 84ನೇ ಕಲಮು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯ 22ನೇ ಕಲಮೂ ಅದನ್ನೇ ಹೇಳುತ್ತದೆ. ಕಾಯಿಲೆಯಿಂದಾಗಿ ಈಗ ತನ್ನ ಪರ ವಾದಿಸಲಾರದವನ ವಿಚಾರಣೆಯನ್ನು ಮುಂದೂಡಲೂ ಅವಕಾಶವಿದೆ. ನೆಂಟರೋ ಗೆಳೆಯರೋ ಹೊಣೆ ಹೊತ್ತರೆ ಕೆಲವರಿಗೆ ಹೊರಗಿದ್ದೇ ಚಿಕಿತ್ಸೆ ಪಡೆಯುವ ದಾರಿಯೂ ಉಂಟು.

ಗಂಟು ಇರುವುದು ಇಲ್ಲಿಯೇ. ಉಳ್ಳವನಿಗೆ ಜಾಮೀನುದಾರ ಸಿಗುತ್ತಾನೆ, ವಕೀಲ ಸಿಗುತ್ತಾನೆ. ಕೂಲಿಯವನ ಅಣ್ಣನಿಗೆ ಪಟ್ಟಣಕ್ಕೆ ಬರಲು ಬಸ್ಸಿನ ಚಾರ್ಜೂ ಇಲ್ಲ. ಕ್ಷಮಿಸುವ ಕಾನೂನೇ ಬಡವನ ಪಾಲಿಗೆ ಅವಧಿಯಿಲ್ಲದ ಸೆರೆಯಾಗುತ್ತದೆ. ತಪ್ಪು ಮಾಡಿದವನಿಗೆ ಬಿಡುಗಡೆಯ ದಿನ ಗೊತ್ತು. ಕಾಯಿಲೆಯವನಿಗೆ ಅದೂ ಗೊತ್ತಿಲ್ಲ!

ಹಾನಿಗೆ ಒಳಗಾದವರ ಕಣ್ಣೀರನ್ನು ನಾವು ಮರೆತಿಲ್ಲ. ಅಪಾಯವಿರುವವರೆಗೆ ಕಾವಲು ಬೇಕು. ಆದರೆ ಚಿಕಿತ್ಸೆಯಿಲ್ಲದ ಕಾವಲಿನಿಂದ ಯಾರಿಗೂ ರಕ್ಷಣೆಯಿಲ್ಲ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ. ನಮ್ಮ ಬೇಡಿಕೆ ಭಿಕ್ಷೆಯಲ್ಲ, ಬರೆದಿಟ್ಟ ಹಕ್ಕು.

ಒಂದು: ಇಂಥ ಪ್ರತಿಯೊಬ್ಬರನ್ನೂ ವೈದ್ಯರು ಗೊತ್ತುಪಡಿಸಿದ ತಾರೀಖಿನಂದು ಪರೀಕ್ಷಿಸಿ, ವರದಿಯನ್ನು ನ್ಯಾಯಾಲಯಕ್ಕೆ ಮುಟ್ಟಿಸಬೇಕು. ಎರಡು: ಗುಣವಾದವರ ಪ್ರಕರಣವನ್ನು ಕೂಡಲೇ ಕೈಗೆತ್ತಿಕೊಳ್ಳಬೇಕು. ಮೂರು: ಹೊಣೆ ಹೊರುವ ಬಂಧುವಿಲ್ಲದವರ ಹೊಣೆಯನ್ನು ಸರಕಾರವೇ ಹೊರಬೇಕು.

ನಮ್ಮ ಪಾಲಿಗೂ ಕೆಲಸವಿದೆ. ನಿಮ್ಮ ಕೇರಿಯಿಂದ ಹೀಗೆ ಹೋದವರು ಇದ್ದರೆ ಸಂಘಕ್ಕೆ ತಿಳಿಸಿರಿ. ಸೆರೆಯಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ದೊರೆಯುತ್ತಾರೆ. ಅರ್ಜಿಯನ್ನು ನಾವು ಬರೆದುಕೊಡುತ್ತೇವೆ. ಆ ಮನೆಯವರನ್ನು ಹುಚ್ಚನ ಮನೆಯವರೆಂದು ಹಂಗಿಸದಿರಿ. ಲಾಲುಂಗರನ್ನು ಮರೆತದ್ದು ಸರಕಾರ; ನಮ್ಮವರನ್ನು ನಾವೇ ಮರೆತರೆ ಯಾರನ್ನು ಕೇಳೋಣ?