ಹಲ್ಲಿಗೆ ಯಾವ ಡಾಕ್ಟರು?
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಆಡಿದ ಮಾತು)

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಸಂದರ್ಶನಕ್ಕೆ ಬರುವ ಕೆಲವು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದೇ ಉತ್ತರಿಸುತ್ತಾರೆ. ಹಲ್ಲಿನ ಮೇಲೆ ಕಂದು ಕಲೆ. 'ಹಲ್ಲುಜ್ಜೋದಿಲ್ವಾ ಬೇಟಾ?' ಎಂದು ನಾವೂ ಕೇಳಿದ್ದುಂಟು. ಹಾಗೆ ಕೇಳಬಾರದಿತ್ತು. ಕೋಲಾರ ಜಿಲ್ಲೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಒಸಡಿನೊಳಗೆ ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಆ ನೀರು ಕುಡಿದರೆ ಎನಾಮೆಲ್ ಕೆಡುತ್ತದೆ. ಮಿಸ್ವಾಕ್‌ನಿಂದ ಉಜ್ಜಿದರೂ ಕಲೆ ಹೋಗದು. ನೀರು ಕುದಿಸಿದರೂ ಫ್ಲೋರೈಡ್ ಹೋಗದು.

ಚಿಕ್ಕ ಮಕ್ಕಳನ್ನು ಪೀಡೋಡಾಂಟಿಸ್ಟ್ ಬಳಿ ಕರೆದೊಯ್ಯಿರಿ. ದೊಡ್ಡವರ ಕಲೆ ತಿಳಿಮಾಡುವವರು, ರೂಟ್ ಕೆನಾಲ್ ಮಾಡುವವರು ಎಂಡೋಡಾಂಟಿಸ್ಟ್. ವಕ್ರ ಹಲ್ಲಿಗೆ ತಂತಿ ಹಾಕಲು ಆರ್ಥೋಡಾಂಟಿಸ್ಟ್, ಒಸಡಿಗೆ ಪೆರಿಯೋಡಾಂಟಿಸ್ಟ್, ಕಟ್ಟಿಸುವ ಹಲ್ಲಿಗೆ ಪ್ರಾಸ್ಥೋಡಾಂಟಿಸ್ಟ್, ದವಡೆ ಮುರಿದರೆ ಓರಲ್ ಸರ್ಜನ್. ಗುಟ್ಕಾ, ಅಡಿಕೆ ಜಗಿದು ಬಾಯೊಳಗೆ ಮೂರು ಬೆರಳೂ ಹೋಗದಂತಾದವರು ನಾಳೆಯೇ ಓರಲ್ ಮೆಡಿಸಿನ್ ತಜ್ಞರನ್ನು ಕಾಣಲಿ. ಅದು ಕ್ಯಾನ್ಸರಿಗೆ ತಿರುಗಬಹುದು. ಒಬ್ಬೊಬ್ಬರ ಹಲ್ಲಿಗಿಂತ ಇಡೀ ಊರಿನ ನೀರನ್ನು ನೋಡುವ ಶಾಖೆಯೂ ಇದೆ: ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ. ನಮ್ಮ ಜಿಲ್ಲೆಗೆ ಮೊದಲು ಬೇಕಾದವರು ಅವರೇ ಎಂದು ನಮ್ಮ ಅನಿಸಿಕೆ.

'ಡೆಂಟಲ್ ಸೀಟಾ? ಅದೂ ಒಂದು ಡಾಕ್ಟರಿಕೆಯಾ?' ಎನ್ನುವ ಹಿರಿಯರಿದ್ದಾರೆ. ನೀಟ್ ಬರೆದು 5 ವರ್ಷ ಬಿಡಿಎಸ್, ಮೇಲೆ 3 ವರ್ಷ ಎಂಡಿಎಸ್ ಓದಬೇಕು. ದಂತ ವೈದ್ಯಕೀಯ ಕಾಲೇಜು ನಮ್ಮ ಕೆಜಿಎಫ್‌ನಲ್ಲೇ ಇದೆ. ಸೀಟು ಸಿಕ್ಕ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. ಫೀಸಿನ ಚಿಂತೆಯಿದ್ದರೆ ಅರ್ಜಿಯೊಂದಿಗೆ ನಮ್ಮ ಬಳಿ ಕಳುಹಿಸಿ.