ಮೊದಲ ಕರೆ ನೆರೆಯ ಶಾಲೆಗೆ

ಉಮರ್ಗಾ, ನಿಲಂಗಾ, ಉದಗೀರಗಳಿಂದಲೂ ಗಡಿಯಾಚೆಯ ಔರಾದ, ಭಾಲ್ಕಿ, ಬಸವಕಲ್ಯಾಣಗಳಿಂದಲೂ ಪ್ರಾಥಮಿಕ ಶಾಲೆಯ ಗುರುಗಳು ಬಂದಿದ್ದೀರಿ. ತರಗತಿಗಳನ್ನು ವಿಡಿಯೊ ಮೂಲಕ ಜೋಡಿಸುವ ವಿಚಾರಕ್ಕೆ ಎರಡು ರಾಜ್ಯಗಳ ಶಿಕ್ಷಕರಾದ ನೀವು ಎರಡು ದಿನಗಳಿಗಾಗಿ ಜಳಕೋಟದಲ್ಲಿ ಕೂಡಿದ್ದೀರಿ.

ತರಗತಿಗೆ ಪರದೆ ಬಂದ ಚರಿತ್ರೆಯನ್ನು ಮುಟ್ಟಿ ಮುಂದೆ ಹೋಗುತ್ತೇನೆ. 1975–76ರ ಸೈಟ್ ಪ್ರಯೋಗದಲ್ಲಿ ಉಪಗ್ರಹ ಟಿ.ವಿ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬಂತು. ಪಕ್ಕದ ಗುಲ್ಬರ್ಗಾ ಜಿಲ್ಲೆಯೂ ಅದರಲ್ಲಿತ್ತು. ಮಕ್ಕಳು ನೋಡಬಹುದಿತ್ತು, ಮರುಮಾತಾಡುವಂತಿರಲಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಬಂತು. ಈಗ ಗುರುಗಳ ಕಿಸೆಯಲ್ಲಿರುವ ಮೊಬೈಲೇ ಸಾಕು. ಸಾಧನ ಸುಧಾರಿಸುತ್ತಲೇ ಬಂದಿದೆ. ಯಾರನ್ನು ಯಾರಿಗೆ ಜೋಡಿಸಬೇಕು ಎನ್ನುವಲ್ಲಿ ಮಾತ್ರ ನಾವು ದಾರಿ ತಪ್ಪಿದ್ದೇವೆ ಎಂಬುದು ನನ್ನ ಬಹುಕಾಲದ ನಂಬಿಕೆ. ದೂರದ ದೇಶ ಪರದೆಯ ಮೇಲೆ ಕಂಡಷ್ಟೂ ಕಲಿಕೆ ದೊಡ್ಡದು ಎಂದುಕೊಂಡೆವು. ಹೊಲದ ಬದುವಿನಾಚೆಯ ಶಾಲೆಯನ್ನು ಮರೆತೆವು.

ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾಗಿದ್ದ ರಣಜಿತಸಿಂಹ ಡಿಸಲೆ ಅವರಿಗೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಾಗ ಎಲ್ಲರೂ ಅವರ ಕ್ಯೂಆರ್ ಕೋಡಿನ ಪಠ್ಯಪುಸ್ತಕಗಳನ್ನು ಹೊಗಳಿದೆವು. 10 ಲಕ್ಷ ಡಾಲರಿನಲ್ಲಿ ಅರ್ಧವನ್ನು ಉಳಿದ ಒಂಬತ್ತು ಅಂತಿಮ ಸ್ಪರ್ಧಿಗಳಿಗೆ ಹಂಚಿದ ಅವರ ದೊಡ್ಡತನವನ್ನೂ ಹೊಗಳಿದೆವು. ಆದರೆ ಅವರು ಯಾರನ್ನು ಜೋಡಿಸಿದರು ಎಂಬುದನ್ನು ಗಮನಿಸಿದವರು ಕಡಿಮೆ. ಭಾರತದವರನ್ನು ಪಾಕಿಸ್ತಾನದವರಿಗೆ, ಇಸ್ರೇಲಿನವರನ್ನು ಪ್ಯಾಲೆಸ್ಟೀನಿನವರಿಗೆ. ನಡುವೆ ಗಡಿ ಇದ್ದವರನ್ನೇ ಅವರು ಹುಡುಕಿದರು.

ನಮ್ಮ ಗಡಿಯಲ್ಲಿ ಅಂಥ ಹಗೆಯಿಲ್ಲ. ಉದಗೀರ, ನಿಲಂಗಾ 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಬೀಗತನ, ಸಂತೆ, ಜಾತ್ರೆ ಇಂದಿಗೂ ಎರಡೂ ಕಡೆ ನಡೆದಿವೆ. ಶಾಲೆ ಮಾತ್ರ ಬೇರೆ ಬೇರೆ ರಾಜಧಾನಿಗಳ ಕಡೆ ಮುಖಮಾಡಿ ಕುಳಿತಿದೆ.

ನಾನು ನೋಡಿದ ಒಂದು ವಿಡಿಯೊ ತರಗತಿಯನ್ನು ಹೇಳುತ್ತೇನೆ. ಎಳ್ಳ ಅಮಾವಾಸ್ಯೆ ಮುಗಿದ ವಾರ. ಈಚೆಯ ಮರಾಠಿ ಶಾಲೆಯ ನಾಲ್ಕನೇ ತರಗತಿಯ ಹುಡುಗಿ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿದ್ದು, ಪಾಂಡವರೆಂದು ಐದು ಕಲ್ಲು ಪೂಜಿಸಿದ್ದು, ಭಜ್ಜಿ, ಅಂಬಲಿ ಉಂಡದ್ದು ಎಲ್ಲ ಹೇಳಿದಳು. ಆಚೆಯ ಕನ್ನಡ ಶಾಲೆಯ ಹುಡುಗ ಎದ್ದು, “ನಮ್ಮ ಹೊಲದಾಗ ಭೀ ಐದ ಕಲ್ಲ ಇಡ್ತೇವ್ರಿ” ಎಂದ. ಯಾರೂ ತರ್ಜುಮೆ ಮಾಡಲಿಲ್ಲ, ಬೇಕಾಗಲೂ ಇಲ್ಲ. ಎರಡೂ ತರಗತಿಗಳಲ್ಲಿ ಗದ್ದಲವೆದ್ದಿತು.

ಆದರೆ ಹಿಂದಿನ ಸಾಲಿನಲ್ಲಿ ತಾಂಡಾದ ಹುಡುಗನೊಬ್ಬ ಕುಳಿತಿದ್ದ. ಅವನ ತಂದೆ ತಾಯಿ ಕಬ್ಬು ಕಡಿಯುವ ಟೋಳಿಯ ಜೊತೆ ಹೋಗಿದ್ದರು. ಅವನಿಗೆ ಹೊಲವೂ ಇರಲಿಲ್ಲ, ಆ ದಿನ ಹೇಳಿಕೊಳ್ಳಲು ಹಬ್ಬವೂ ಇರಲಿಲ್ಲ. ಅವನನ್ನು ಯಾರೂ ಕೇಳಲಿಲ್ಲ.

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದೇ: ಕ್ಯಾಮರಾದ ಮುಂದೆ ಊರಿನ ಪರವಾಗಿ ನಿಲ್ಲುವ ಮಗು ಯಾವುದು? ಎರಡು ಗುಂಪುಗಳು ಸಮಾನರಾಗಿ, ಒಂದೇ ಗುರಿಗಾಗಿ ಕೂಡಿ ಕೆಲಸ ಮಾಡಿದಾಗ ಪೂರ್ವಗ್ರಹ ಕರಗುತ್ತದೆ ಎಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದರು. ಆ ಸಮಾನತೆ ಒಂದೇ ತರಗತಿಯ ಎರಡು ಬೆಂಚುಗಳ ನಡುವೆ ಇಲ್ಲದಿದ್ದರೆ ಎರಡು ರಾಜ್ಯಗಳ ನಡುವೆ ಹೇಗೆ ಬಂದೀತು? ಚೂಟಿ ಮಗುವನ್ನೇ ಮುಂದೆ ಮಾಡಿದರೆ ಪರದೆಯಾಚೆಯ ಮಕ್ಕಳಿಗೆ ಕಾಣುವುದು ಊರಿನ ಹೊಲವಿದ್ದವರ ಓಣಿ ಮಾತ್ರ. ಹಾಗೆಂದು ಆ ಹುಡುಗನನ್ನು ಎಬ್ಬಿಸಿ ಬಡತನ ಹೇಳಿಸುವುದೂ ತರವಲ್ಲ. ಇದಕ್ಕೆ ಉತ್ತರ ನನ್ನಲ್ಲಿಲ್ಲ. ದಿನವೂ ಆ ಮಕ್ಕಳ ಮುಂದೆ ನಿಲ್ಲುವ ನೀವು ಈ ಎರಡು ದಿನಗಳಲ್ಲಿ ಅದನ್ನು ಹುಡುಕಬೇಕು.

ನನ್ನ ಬಿನ್ನಹ ಇಷ್ಟೆ. ಇಲ್ಲಿಂದ ಹೊರಡುವ ಮೊದಲು ಪ್ರತಿಯೊಬ್ಬ ಗುರುಗಳೂ ಗಡಿಯಾಚೆಯ ಒಂದು ಶಾಲೆಯ ಗುರುಗಳ ಫೋನ್ ನಂಬರ್ ಬರೆದುಕೊಳ್ಳಿ. ಬರುವ ಎಳ್ಳ ಅಮಾವಾಸ್ಯೆಯ ವಾರ ಕರೆ ಮಾಡಿ. ಆ ದಿನ ಮಾತಾಡುವ ಮಕ್ಕಳ ಪಟ್ಟಿಯನ್ನು ಹಿಂದಿನ ಸಾಲಿನಿಂದ ಬರೆಯಲು ಶುರುಮಾಡಿ.