ಬಾರ್ಬಿಯಾನದ ಬೆಟ್ಟದ ಶಾಲೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಗರ್ಜಿಯ ಶತಮಾನೋತ್ಸವದಲ್ಲಿ ಅದರ ಮಗ್ಗುಲಿನ ಶಾಲೆಯನ್ನು ಸ್ಮರಿಸುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಕಟ್ಟಡದ ಉದ್ದಗಲ, ಹಾಜರಿಪಟ್ಟಿಯ ಸಂಖ್ಯೆ, ಶೇಕಡಾವಾರು ಫಲಿತಾಂಶ ಇವುಗಳನ್ನು ಹೇಳಿ ಚಪ್ಪಾಳೆ ಪಡೆಯುವುದೂ ವಾಡಿಕೆಯೇ. ನಾವಿಂದು ಈ ಯಾವ ಲೆಕ್ಕಕ್ಕೂ ಸಿಗದ ಒಂದು ಶಾಲೆಯ ವಿಷಯವನ್ನು ತಮ್ಮ ಮುಂದಿಡಲು ಇಚ್ಛಿಸುತ್ತೇವೆ.

ಇಟಲಿಯ ಫ್ಲಾರೆನ್ಸ್ ನಗರದಾಚೆ ಮುಜೆಲ್ಲೊ ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿನ ಬಾರ್ಬಿಯಾನವನ್ನು ಹಳ್ಳಿಯೆನ್ನುವುದೂ ಕಷ್ಟ. ಒಂದು ಇಗರ್ಜಿ, ಗುರುನಿವಾಸ, ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಒಕ್ಕಲು ಮನೆ, ಇಷ್ಟೆ. 1954ರ ಡಿಸೆಂಬರಿನಲ್ಲಿ 31 ವರ್ಷದ ಗುರುಗಳಾದ ಲೊರೆಂಜೊ ಮಿಲಾನಿಯವರು ಅಲ್ಲಿಗೆ ಬಂದಾಗ ರಸ್ತೆಯಿರಲಿಲ್ಲ, ವಿದ್ಯುದ್ದೀಪವಿರಲಿಲ್ಲ, ನಲ್ಲಿಯ ನೀರಿರಲಿಲ್ಲ. ಸಿರಿವಂತ ಮನೆತನದಲ್ಲಿ ಜನಿಸಿ, 1947ರಲ್ಲಿ ಗುರುದೀಕ್ಷೆ ಪಡೆದು, ಕಲೆಂಜಾನೊ ಎಂಬಲ್ಲಿ ಕಾರ್ಮಿಕರಿಗಾಗಿ ಸಂಜೆ ಶಾಲೆ ನಡೆಸುತ್ತಿದ್ದವರು ಅವರು. ಅವರ ನೇರ ನುಡಿ ಅನೇಕರಿಗೆ ಹಿಡಿಸಿರಲಿಲ್ಲ. ಬೆಟ್ಟದ ವರ್ಗಾವಣೆಯ ಮರ್ಮವನ್ನು ತಾವೇ ಊಹಿಸಬಲ್ಲಿರಿ.

ಪ್ರಾಥಮಿಕ ತರಗತಿ ಮುಗಿಸಿ ಮುಂದೆ ಓದಲು ಗತಿಯಿಲ್ಲದ ಬೆರಳೆಣಿಕೆಯ ಹುಡುಗರನ್ನು ಕೂಡಿಸಿ ಗುರುಗಳು ಶಾಲೆ ತೆರೆದರು. ಬೆಳಗಿನಿಂದ ಸಂಜೆಯವರೆಗೆ, ವರ್ಷದ 365 ದಿನವೂ ಪಾಠ, ಭಾನುವಾರಕ್ಕೂ ವಿನಾಯಿತಿಯಿಲ್ಲ. (ಮುಂದಿನ ಸಾಲಿನ ಬಾಲಕರ ಮುಖಗಳು ಬಾಡಿದ್ದನ್ನು ಕಂಡೆವು!) ಆದರೆ ಆ ಮಕ್ಕಳಿಗೆ ರಜೆಯೆಂದರೆ ಆಟವಾಗಿರಲಿಲ್ಲ, ಹೊಲ ಕೊಟ್ಟಿಗೆಗಳ ದುಡಿಮೆಯಾಗಿತ್ತು.

ಪಾಠ ತಿಳಿದವನು ತಿಳಿಯದವನಿಗೆ ಕಲಿಸಬೇಕು, ಹಿಂದುಳಿದವನು ಕೂಡಿಕೊಳ್ಳುವವರೆಗೆ ಉಳಿದವರು ಮುಂದೆ ಹೋಗಬಾರದು. ಇದು ಅಲ್ಲಿಯ ಕ್ರಮ. ದಿನಪತ್ರಿಕೆಯನ್ನು ಎಲ್ಲರೂ ಕೂಡಿ ಓದಿ ಕಠಿಣ ಪದಗಳನ್ನು ಬಿಡಿಸಿ ನೋಡುತ್ತಿದ್ದರು. ಬಡವನನ್ನು ಕಟ್ಟಿಹಾಕುವುದು ಹಣದ ಕೊರತೆಗಿಂತ ಮಾತಿನ ಕೊರತೆ ಎಂಬುದು ಗುರುಗಳ ಖಚಿತ ಅಭಿಪ್ರಾಯವಾಗಿತ್ತು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮುಂದೆ ಇಂಗ್ಲಿಷು ಎಂದು ನಾಲ್ಕು ಕವಲುಗಳಲ್ಲಿ ನಿಂತ ನಮ್ಮ ಕರಾವಳಿಯ ಮಗುವಿನ ಮೌನವನ್ನು ದಡ್ಡತನವೆಂದು ಬಗೆಯುವವರು ಇದನ್ನು ಮನಗಾಣಬೇಕು.

ಬಾರ್ಬಿಯಾನದಿಂದ ಪಟ್ಟಣದ ಅಧ್ಯಾಪಕ ತರಬೇತಿ ಶಾಲೆಗೆ ಹೋದ ಹುಡುಗರು ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಆಗ ಎಂಟು ಮಂದಿ ಬಾಲಕರು ಕೂಡಿ ಒಬ್ಬ ಅಧ್ಯಾಪಕಿಯನ್ನು ಸಂಬೋಧಿಸಿ ಸುದೀರ್ಘ ಪತ್ರವೊಂದನ್ನು ರಚಿಸಿದರು. ಒಂದೊಂದು ವಿಚಾರವನ್ನು ಒಂದೊಂದು ಚೀಟಿಯಲ್ಲಿ ಬರೆದು, ಚೀಟಿಗಳನ್ನು ವಿಂಗಡಿಸಿ, ಬೇಡದ್ದನ್ನು ಒಟ್ಟಾಗಿ ಹೊಡೆದುಹಾಕಿ ಸಿದ್ಧಪಡಿಸಿದ ಬರಹವದು. ನಪಾಸಾಗಿ ಶಾಲೆ ಬಿಡುವವರು ಯಾರ ಮಕ್ಕಳು ಎಂಬುದನ್ನು ಅವರು ಸರಕಾರದ ಅಂಕಿ ಅಂಶಗಳಿಂದಲೇ ತೋರಿಸಿದರು: ರೈತರ ಮಕ್ಕಳು, ಕೂಲಿಕಾರರ ಮಕ್ಕಳು. 1967ರ ಮೇ ತಿಂಗಳಲ್ಲಿ ಪುಸ್ತಕ ಹೊರಬಂದಾಗ ಲೇಖಕರ ಸ್ಥಾನದಲ್ಲಿದ್ದುದು ಶಾಲೆಯ ಹೆಸರು. ಮಾರಕ ರೋಗಕ್ಕೆ ತುತ್ತಾಗಿದ್ದ ಗುರುಗಳು ಮರುತಿಂಗಳು 26ರಂದು ತಮ್ಮ 44ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಅವರ ಸಮಾಧಿಯ ಬಳಿ ಜಗದ್ಗುರು ಫ್ರಾನ್ಸಿಸರು ಬಂದು ಪ್ರಾರ್ಥಿಸಿದ್ದು 2017ರ ಜೂನ್ 20ರಂದು, ಅಂದರೆ 50 ವರ್ಷಗಳ ಬಳಿಕ!

ಇನ್ನು ನಮ್ಮ ಒಳನಾಡಿನ ಶಾಲೆಗಳ ವಿಷಯ. 2009ರ ಶಿಕ್ಷಣ ಹಕ್ಕು ಕಾಯಿದೆಯ ಮೇರೆಗೆ 60ರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳು ಐದು. ಒಬ್ಬರು ಸಭೆಗೋ ತರಬೇತಿಗೋ ಹೋದ ದಿನ ಐದು ತರಗತಿಗೂ ಒಬ್ಬರೇ. ಒಂದನೆಯವರಿಗೆ ಅಕ್ಷರ ತಿದ್ದಿಸುವಾಗ ನಾಲ್ಕನೆಯವರ ಭಾಗಾಕಾರ ಅರ್ಧಕ್ಕೆ ನಿಲ್ಲುತ್ತದೆ. ಇದು ಶಿಕ್ಷಕರ ಅಶ್ರದ್ಧೆಯಲ್ಲ, ಗಡಿಯಾರದ ಲೆಕ್ಕ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮ ಇಂಥಲ್ಲಿ ಅನಿವಾರ್ಯವೇ ಹೌದು. ಆದರೂ ಶಾಲೆಯ ವೇಳೆಯಲ್ಲಿ ಅದು ಸಾಲದು.

ಆದಕಾರಣ ಒಂದು ವಿನಂತಿ. ನಮ್ಮ ಸಭಾಭವನವು ಮದುವೆಗಳಿಲ್ಲದ ಸಂಜೆ ಬೀಗ ಹಾಕಿಕೊಂಡಿರುತ್ತದೆ. ಕಾಲೇಜು ಓದುತ್ತಿರುವ ನಮ್ಮ ಯುವಕ ಯುವತಿಯರು ವಾರಕ್ಕೆರಡು ಸಂಜೆ, ಜಾತಿಮತದ ಭೇದವಿಲ್ಲದೆ, ಗುಡ್ಡದ ಮೇಲಿನ ಮನೆಗಳ ಮಕ್ಕಳೊಡನೆ ಅಲ್ಲಿ ಕುಳಿತುಕೊಳ್ಳಲಿ. ಇಚ್ಛೆಯುಳ್ಳವರು ತಮ್ಮ ವಾಳೆಯ ಗುರಿಕಾರರಲ್ಲಿ ಹೆಸರು ಕೊಡಬೇಕು. ದೀಪದ ಖರ್ಚನ್ನು ಯಾರು ವಹಿಸಬೇಕೆಂಬ ಚರ್ಚೆಯನ್ನು ಮುಂದಿನ ಸಭೆಗೆ ಬಿಡೋಣ.